ಪೈಪಿನೊಳಗೆ ಸೀದ ಪಾಕ

ದಾವಣಗೆರೆಯ ಹದಡಿ ರಸ್ತೆಯ ತಿರುವಿನಲ್ಲಿ ನನ್ನ ಕಾರು ಕಾಣಿಸಿಕೊಳ್ಳುವ ಮೊದಲೇ ಕಾಲೇಜಿನ ಗೇಟಿನ ಹತ್ತಿರ ಹುಡುಗರು ಮೊಬೈಲು ಜೇಬಿಗಿಳಿಸುತ್ತಿದ್ದರು. ಅಷ್ಟು ಸದ್ದು. ಹದಿನಾಲ್ಕು ವರ್ಷದ ಸಣ್ಣ ಕಾರು ಒಂದೇ ಮಳೆಗಾಲದಲ್ಲಿ ಟ್ರಾಕ್ಟರಿನ ಗಂಟಲು ತೆಗೆದಿತ್ತು. ‘ಸರ್, ಸೈಲೆನ್ಸರ್ ಮಾಡಿಫೈ ಮಾಡ್ಸೀರೇನ್ರಿ?’ ಎಂದು ಕೊನೇ ಬೆಂಚಿನವನೊಬ್ಬ ಕೇಳಿದ. ಅವನ ದನಿಯಲ್ಲಿ ಗೌರವವಿತ್ತು. ಮುಜುಗರವಾಗಿದ್ದು ಅದಕ್ಕೇ.

ಭಾನುವಾರ ಜಾಕ್ ಹಾಕಿ, ಕೆಳಗೆ ಸ್ಟ್ಯಾಂಡ್ ಕೊಟ್ಟು ನುಸುಳಿ ನೋಡಿದೆ. ಹಿಂದಿನ ವರ್ಷ ಒಂದು ಗ್ಯಾರೇಜಿನಲ್ಲಿ ಸೈಲೆನ್ಸರ್ ಡಬ್ಬಿಯ ಮೂತಿಗೆ ಮಾಮೂಲಿ ಕಬ್ಬಿಣದ ತಗಡು ಇಟ್ಟು, ರಾಡಿನಲ್ಲಿ ವೆಲ್ಡಿಂಗ್ ಮಾಡಿ, ಮೇಲೆ ಬೆಳ್ಳಿ ಪೇಂಟ್ ಹೊಡೆದು ಕಳಿಸಿದ್ದರು. ತೇಪೆ ಗಟ್ಟಿಯಾಗಿಯೇ ಇತ್ತು. ತೇಪೆಯ ಪಕ್ಕದಲ್ಲಿ ಪೈಪು ಹರಿದಿತ್ತು. ಹಳೇ ಪಂಚೆಗೆ ಹೊಸ ಬಟ್ಟೆಯ ತೇಪೆ ಹಾಕಿದರೆ ಆಗುವುದೇ ಅದು. ಬೆರಳಿಂದ ಒತ್ತಿದೆ, ಹಪ್ಪಳದ ಹಾಗೆ ಮುರಿದು ಕೈಗೆ ಬಂತು.

ಕಾರಿಗೆ ಮುಂದಿನ ವರ್ಷ ಹದಿನೈದು ತುಂಬುತ್ತದೆ. ಕೆಎ-17 ನಂಬರಿನ ಆ ಆರ್‌ಸಿ ನವೀಕರಣವಾಗಬೇಕು ಎಂದರೆ ಗಾಡಿ ತಪಾಸಣೆಗೆ ನಿಲ್ಲಬೇಕು, ಹೊಗೆ ಸರಿಯಿರಬೇಕು, ಸದ್ದು ಸುಮ್ಮನಿರಬೇಕು. ಹೊಸ ಸೈಲೆನ್ಸರ್ ಹಾಕಿಸಿದ್ದರೆ ಮುಗಿಯುತ್ತಿತ್ತು. ಹೆಂಡತಿ ಹೇಳಿದ್ದೂ ಅದನ್ನೇ. ಮುಂದೆ ನಾನು ಮಾಡಿದ ಖರ್ಚು ನೋಡಿ, ‘ಹೊಸಾವು ಮೂರು ಬರ್ತಿದ್ವು’ ಎಂದು ಲೆಕ್ಕ ಸಮೇತ ಹೇಳಿದಳು. ಲೆಕ್ಕ ಸರಿಯಾಗಿಯೇ ಇದೆ, ನಾನು ವಾದಿಸಲಿಲ್ಲ.

ಆದರೆ ನನ್ನೊಳಗೆ ಬೇರೆ ಒಂದು ಕೊರೆಯುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಪಿಯುಸಿ ಹುಡುಗರಿಗೆ ಭೌತಶಾಸ್ತ್ರ ಹೇಳುತ್ತಿದ್ದೇನೆ. ಉಷ್ಣದಿಂದ ಲೋಹ ಹಿಗ್ಗುವುದು, ಶಾಖ ಹರಿಯುವುದು, ಅನಿಲದ ಒತ್ತಡ, ತೆಳುಪೊರೆಯ ಬಣ್ಣ, ಎಲ್ಲವೂ ಬೋರ್ಡಿನ ಮೇಲೆ. ನನ್ನ ಕೈಯಲ್ಲಿ ಒಂದು ಮೊಳೆಯೂ ನೆಟ್ಟಗೆ ಹೋಗುವುದಿಲ್ಲ. ನಮ್ಮ ದೊಡ್ಡಪ್ಪ ಏಳನೇ ಕ್ಲಾಸು ಓದಿ ಮೂವತ್ತೈದು ವರ್ಷ ವೆಲ್ಡಿಂಗ್ ಮಾಡಿದವನು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಮಾಡುತ್ತಿದ್ದ ಕಾಲಕ್ಕೆ, ಅದರ ಸುತ್ತ ಹುಟ್ಟಿಕೊಂಡಿದ್ದ ಸಣ್ಣ ಶೆಡ್ಡುಗಳಲ್ಲೊಂದರಲ್ಲಿ ಅವನ ಕೆಲಸ. ಕಾರ್ಖಾನೆಯೂ ಮುಚ್ಚಿತು, ಶೆಡ್ಡೂ ಮುಚ್ಚಿತು. ಈಗ ನಿಟ್ಟುವಳ್ಳಿಯ ಮನೆಯ ಕಟ್ಟೆ ಮೇಲೆ ಕೂತು ಹೋಗಿ ಬರುವ ಗಾಡಿಗಳ ಟ್ರಾಲಿ ಬೆಸುಗೆಗೆ ಮಾರ್ಕ್ಸು ಕೊಡುತ್ತಾನೆ. ಪಾಸಾದವರು ಕಡಿಮೆ.

‘ಮನ್ಯಾಗೇ ಮಾಡ್ತೀನಿ’ ಎಂದು ಅವನ ಮುಂದೆ ಹೇಳಿದೆ.

‘ಏನು, ಪಾಠಾನಾ?’ ಎಂದ.

*

ಸೈಲೆನ್ಸರು ಒಳಗಿನಿಂದ ಕೊಳೆಯುತ್ತದೆ ಎಂಬುದನ್ನು ದೊಡ್ಡಪ್ಪ ಒಪ್ಪಲಿಲ್ಲ. ಅವನ ಪ್ರಕಾರ ತುಕ್ಕು ರಸ್ತೆಯ ಕೆಸರಿಂದ ಹತ್ತುವುದು, ಹೊರಗಿಂದ. ನಾನು ಪೆಟ್ರೋಲಿನ ಲೆಕ್ಕ ಹೇಳಿದೆ. ಪೆಟ್ರೋಲಿನಲ್ಲಿ ಜಲಜನಕವಿದೆ, ಉರಿದಾಗ ಅದು ಗಾಳಿಯ ಆಮ್ಲಜನಕದ ಜತೆ ಸೇರಿ ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು, ಆವಿಯ ರೂಪದಲ್ಲಿ. ದೂರ ಓಡಿಸಿದರೆ ಪೈಪೆಲ್ಲ ಕಾದು ಆವಿ ಹೊರಗೆ ಹೋಗುತ್ತದೆ. ನನ್ನದು ಮನೆಯಿಂದ ಕಾಲೇಜಿಗೆ ಮೂರು ಕಿಲೋಮೀಟರ್. ಡಬ್ಬಿ ಕಾಯುವಷ್ಟರಲ್ಲಿ ಗಾಡಿ ನಿಂತಿರುತ್ತದೆ, ಆವಿ ಒಳಗೇ ತಣಿದು ತಳದಲ್ಲಿ ನಿಲ್ಲುತ್ತದೆ, ಹೊಗೆಯಲ್ಲಿರುವ ಆಮ್ಲದ ಅಂಶ ಅದರಲ್ಲಿ ಕರಗುತ್ತದೆ. ದಿನಾ ಹೀಗೆ ಹದಿನಾಲ್ಕು ವರ್ಷ.

‘ಬೆಂಕಿ ಒಳಗಿಂದ ನೀರು ಬರ್ತೈತಾ? ಹೋಗೋ.’ ಅಲ್ಲಿಗೆ ಮುಗಿಯಿತು.

ಎರಡನೇ ಜಗಳ ಆಯಸ್ಕಾಂತದ್ದು. ಗುಜರಿ ಅಂಗಡಿಯ ಶಾಸ್ತ್ರ ಎಲ್ಲರಿಗೂ ಗೊತ್ತು: ಆಯಸ್ಕಾಂತ ಹಿಡಿದರೆ ಕಬ್ಬಿಣ, ಹಿಡಿಯದಿದ್ದರೆ ಎಸ್ಸೆಸ್, ಅಂದರೆ ಸ್ಟೇನ್‌ಲೆಸ್ ಸ್ಟೀಲ್. ಕಾರಿನ ಹಳೇ ಪೈಪಿಗೆ ಆಯಸ್ಕಾಂತ ಗಟ್ಟಿಯಾಗಿ ಅಂಟಿತು. ‘ನೋಡು, ಕಬ್ಬಿಣ’ ಎಂದ ದೊಡ್ಡಪ್ಪ. ಆದರೆ ಕಾರುಗಳ ಸೈಲೆನ್ಸರಿಗೆ ಹೆಚ್ಚಾಗಿ ಬಳಸುವ 409 ಎಂಬ ಜಾತಿ ಸ್ಟೇನ್‌ಲೆಸ್ಸೇ, ಆಯಸ್ಕಾಂತವನ್ನೂ ಹಿಡಿಯುತ್ತದೆ. ಉಕ್ಕಿನಲ್ಲಿ ತುಕ್ಕು ತಡೆಯುವ ಕ್ರೋಮಿಯಂ ಶೇ. 10.5ರ ಮೇಲೆ ಇದ್ದರೆ ಸ್ಟೇನ್‌ಲೆಸ್ ಅನ್ನುತ್ತಾರೆ, 409ರಲ್ಲಿ ಸುಮಾರು ಹನ್ನೊಂದು. ಹೆಸರು ಉಳಿಸಿಕೊಳ್ಳುವಷ್ಟು ಮಾತ್ರ. ಅಡುಗೆಮನೆಯ ಪಾತ್ರೆಯ 304ರಲ್ಲಿ ಕ್ರೋಮಿಯಂ ಹದಿನೆಂಟು, ನಿಕ್ಕಲ್ ಎಂಟು. ಆ ನಿಕ್ಕಲ್ಲಿನಿಂದಲೇ ಅದು ಆಯಸ್ಕಾಂತಕ್ಕೆ ಸಿಗುವುದಿಲ್ಲ.

ನನಗೆ 304 ಬೇಕಿತ್ತು. ಇಲ್ಲೊಂದು ಮೋಸ ಹೋದ ಕತೆಯಿದೆ. ಗೇಟು, ರೇಲಿಂಗ್ ಮಾಡುವವರ ಹತ್ತಿರ ‘ತ್ರೀ ನಾಟ್ ಫೋರ್ ಸರ್, ಕಂಪ್ನಿ ಮಾಲು’ ಎಂಬ ಒಂದೂವರೆ ಇಂಚಿನ ಪೈಪು ತಂದೆ. ಆಯಸ್ಕಾಂತ ಹಿಡಿಯಲಿಲ್ಲ, ಖುಷಿಯಾಯಿತು. ಆಮೇಲೆ ಗುಜರಿಯವನೊಬ್ಬ ಪುಟ್ಟ ಬಾಟ್ಲಿಯಿಂದ ಪರೀಕ್ಷೆಯ ದ್ರವ ಒಂದು ಹನಿ ಹಾಕಿ, ಚಿಕ್ಕ ಬ್ಯಾಟರಿಯ ತಂತಿ ತಾಗಿಸಿದ. ಹನಿ ನಿಧಾನಕ್ಕೆ ಕುಂಕುಮದ ಬಣ್ಣಕ್ಕೆ ತಿರುಗಿತು. ‘ಟೂ ನಾಟ್ ಟು’ ಎಂದ, ಹಲ್ಲಿನ ಡಾಕ್ಟರು ಹುಳುಕು ಹೇಳುವ ದನಿಯಲ್ಲಿ. 202ರಲ್ಲಿ ದುಬಾರಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿರುತ್ತಾರೆ. ನಮ್ಮೂರಿನ ಅರ್ಧ ಮನೆಗಳ ಮೆಟ್ಟಿಲ ರೇಲಿಂಗ್ ಇದೇ. ನೆರಳಲ್ಲಿ ಹೊಳೆಯುತ್ತದೆ, ನೀರು ಉಪ್ಪು ಬಿದ್ದಲ್ಲಿ ಕಂದು ಚುಕ್ಕಿ. ಮತ್ತೆ ಹೋಗಿ ಕೇಳಿದರೆ ಅಂಗಡಿಯವರು, ‘ನೀವು ಸೈಲೆನ್ಸರಿಗೆ ಅಂತ ಹೇಳ್ಲಿಲ್ವಲ್ಲ ಸರ್’ ಎಂದರು. ಆ ಪೈಪು ವ್ಯರ್ಥವಾಗಲಿಲ್ಲ, ಕೈ ಕೂರಿಸಿಕೊಳ್ಳಲು ನಾನು ಸುಟ್ಟಿದ್ದೆಲ್ಲ ಅದೇ.

ಕೊನೆಗೆ ಮಾಲು ಸಿಕ್ಕಿದ್ದು ಹಾಲಿನ ಡೈರಿಗಳಿಗೆ ಪೈಪು ಮತ್ತು ಬೆಂಡು ಮಾರುವವರ ಹತ್ತಿರ. ಹಾಲು ಹರಿಯುವ ಜಾಗಕ್ಕೆ 202 ಕೊಡುವಂತಿಲ್ಲ. ಒಂದೂವರೆ ಇಂಚು, 16 ಗೇಜು, ಅಂದರೆ ಒಂದೂವರೆ ಮಿಲಿಮೀಟರಿನ ಮೇಲೆ ಸ್ವಲ್ಪ ದಪ್ಪ, ಒಳಗೆ ಕನ್ನಡಿ. ನಲವತ್ತೈದು ಡಿಗ್ರಿಯ ಬೆಂಡುಗಳೂ ಸಿಕ್ಕವು. ಬೆಣ್ಣೆ ಊರಿನಲ್ಲಿ ಹಾಲಿನ ಪೈಪಿಗೆ ಹೊಗೆ ಕುಡಿಸುವುದು ಪಾಪವೇ ಇರಬಹುದು. ಸದ್ದು ನುಂಗುವ ಮಫ್ಲರ್ ಡಬ್ಬಿ ಬೆಂಗಳೂರಿಂದ ಬಂತು, ಮನೆಯ ಸದ್ದಿನದು, ಹುಡುಗರ ಸದ್ದಿನದಲ್ಲ. ಎರಡಿಂಚು ಪೈಪು ಹಾಕಿದರೆ ಪಿಕಪ್ ಬರುತ್ತದೆ ಎಂದು ಹೇಳಿದವರೂ ಇದ್ದರು. ಸಣ್ಣ ಎಂಜಿನ್ನಿಗೆ ದೊಡ್ಡ ಪೈಪು ಹಾಕಿದರೆ ಬರುವುದು ಸದ್ದೊಂದೇ. ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಅದರ ಪಕ್ಕದ ಆಕ್ಸಿಜನ್ ಸೆನ್ಸರನ್ನೂ ನಾನು ಮುಟ್ಟಲೇ ಇಲ್ಲ. ಕನ್ವರ್ಟರನ್ನು ಕಿತ್ತು ಒಳಗಿನ ಪ್ಲಾಟಿನಂ, ಪಲ್ಲೇಡಿಯಂ ಆಸೆಗೆ ಮಾರಿಬಿಡುವವರಿದ್ದಾರೆ. ಕಾನೂನು ಹಾಗಿರಲಿ, ಉಸಿರಾಡುವವರು ನಮ್ಮ ಓಣಿಯವರೇ.

*

ವೆಲ್ಡಿಂಗ್ ಮೆಷಿನ್ನು ಸಿಂಗಲ್ ಫೇಸಿನ ಇನ್ವರ್ಟರ್ ಮಾದರಿಯದು, ಎತ್ತಿದರೆ ಒಂದು ಗೋಧಿ ಚೀಲಕ್ಕಿಂತ ಹಗುರ. ದೊಡ್ಡಪ್ಪ ಅದನ್ನು ರೇಡಿಯೋ ಅಂದುಕೊಂಡಿದ್ದ. ಅವನ ಕಾಲದ ಟ್ರಾನ್ಸ್‌ಫಾರ್ಮರ್ ಎತ್ತಲು ನಾಲ್ಕು ಜನ ಬೇಕಿತ್ತಂತೆ. ಪುಸ್ತಕದಲ್ಲಿ ಟಿಗ್ ಎನ್ನುವುದನ್ನು ಇಲ್ಲಿ ಎಲ್ಲರೂ ಆರ್ಗಾನ್ ವೆಲ್ಡಿಂಗ್ ಎನ್ನುತ್ತಾರೆ, ಆ ಹೆಸರೇ ವಾಸಿ. ಏಕೆಂದರೆ ಕೆಲಸದ ಗುಟ್ಟೆಲ್ಲ ಆ ಗಾಳಿಯಲ್ಲಿದೆ.

ರಾಡಿನ ವೆಲ್ಡಿಂಗಿನಲ್ಲಿ ರಾಡಿಗೆ ಮೆತ್ತಿದ ಲೇಪವೇ ಉರಿದು ಹೊಗೆಯಾಗಿ, ಸ್ಲ್ಯಾಗ್ ಎಂಬ ಕಿಟ್ಟವಾಗಿ ಕರಗಿದ ಲೋಹವನ್ನು ಮುಚ್ಚುತ್ತದೆ. ಆರ್ಗಾನಿನಲ್ಲಿ ಲೇಪವಿಲ್ಲ. ಟಾರ್ಚಿನ ಮೂತಿಯಲ್ಲಿ 3422 ಡಿಗ್ರಿಗೆ ಮಾತ್ರ ಕರಗುವ ಟಂಗ್‌ಸ್ಟನ್ ಸೂಜಿ, ಅದರ ಸುತ್ತ ಪಿಂಗಾಣಿ ಬಟ್ಟಲಿನಿಂದ ಸದ್ದಿಲ್ಲದೆ ಇಳಿಯುವ ಅನಿಲ, ಅಷ್ಟೇ. ಬಲಗೈಯಲ್ಲಿ ಟಾರ್ಚು, ಎಡಗೈಯಲ್ಲಿ ತೆಳ್ಳನೆ ತಂತಿ. ಸೂಜಿ ಲೋಹಕ್ಕೆ ಎರಡು ಮಿಲಿಮೀಟರ್ ಹತ್ತಿರ ಇರಬೇಕು, ತಾಗಬಾರದು. ನಾನು ಮೊದಲ ದಿನ ತಾಗಿಸಿದ್ದು ಎಷ್ಟು ಸಲ ಎಂದು ಎಣಿಸುವುದನ್ನು ಹದಿನೆಂಟಕ್ಕೆ ಬಿಟ್ಟೆ. ತಾಗಿಸಿದಾಗಲೆಲ್ಲ ನಿಲ್ಲಿಸಬೇಕು, ಸೂಜಿ ಬಿಚ್ಚಬೇಕು, ಮೊನೆಯನ್ನು ಉದ್ದುದ್ದಕ್ಕೆ ಉಜ್ಜಬೇಕು, ಮತ್ತೆ ಹಾಕಬೇಕು.

ಆರ್ಗಾನ್ ಎಂಬ ಹೆಸರಿಗೆ ಗ್ರೀಕಿನಲ್ಲಿ ಸೋಮಾರಿ ಎಂದರ್ಥ. 1894ರಲ್ಲಿ ರ್‍ಯಾಲೆ ಮತ್ತು ರಾಮ್ಸೆ ಗಾಳಿಯಲ್ಲಿ ಅದನ್ನು ಹುಡುಕಿದಾಗ ಅದು ಯಾವುದರ ಜತೆಗೂ ಸೇರಲಿಲ್ಲವೆಂದು ಆ ಹೆಸರಿಟ್ಟರು. ನಾವು ಉಸಿರಾಡುವ ಗಾಳಿಯಲ್ಲಿ ಶೇ. 0.93 ಅದೇ ಇದೆ, ಇಂಗಾಲದ ಡೈಆಕ್ಸೈಡಿನ ಇಪ್ಪತ್ತು ಪಟ್ಟಿಗಿಂತ ಹೆಚ್ಚು. ಇದನ್ನು ದೊಡ್ಡಪ್ಪನಿಗೆ ಹೇಳಿದೆ. ‘ಕೆಲ್ಸ ಮಾಡಂಗಿಲ್ಲ, ಬಾಡಿಗಿ ಮಾತ್ರ ಕೇಳ್ತೈತಿ. ನಮ್ಮೂರಾಗ ಅಂಥೋರು ಬಾಳ ಮಂದಿ ಅದಾರ’ ಎಂದ.

ಬಾಡಿಗೆಯ ವಿಚಾರ ನಿಜ. ಸಣ್ಣ ಸಿಲಿಂಡರು ಹತ್ತು ಲೀಟರಿನದು, ಒಳಗೆ 150 ಬಾರ್ ಒತ್ತಡ, ಅಂದರೆ ಬಿಚ್ಚಿದರೆ ಸುಮಾರು 1500 ಲೀಟರ್ ಅನಿಲ. ಟಾರ್ಚಿಗೆ ನಿಮಿಷಕ್ಕೆ ಎಂಟು ಲೀಟರ್ ಹೋದರೆ ಮೂರು ಗಂಟೆ ಬರಬೇಕು. ಬಾಯ್ಲನ ನಿಯಮವನ್ನು ವರ್ಷಕ್ಕೆ ನಾಲ್ಕು ಸೆಕ್ಷನ್ನಿಗೆ ಹೇಳುವ ನನಗೆ ಅದು ಇಷ್ಟು ಬೇಗ ಖಾಲಿಯಾಗುವ ನಿಯಮ ಎಂದು ಗೊತ್ತಿರಲಿಲ್ಲ. ಮೊದಲ ಬಾಟ್ಲಿ ಎರಡು ಸಂಜೆಗೆ ಮುಗಿಯಿತು. ಒಂದು ಸಂಜೆಯದು ಆಷಾಢದ ಗಾಳಿ ತಿಂದಿದ್ದು. ಚಿತ್ರದುರ್ಗದ ಗುಡ್ಡಗಳ ಮೇಲೆ ಆ ದೊಡ್ಡ ರೆಕ್ಕೆಗಳನ್ನು ತಿರುಗಿಸುವ ಗಾಳಿ ನಮ್ಮ ಕಾರ್ ಶೆಡ್ಡಿಗೂ ನುಗ್ಗುತ್ತದೆ. ಬಟ್ಟಲಿನಿಂದ ಇಳಿದ ಆರ್ಗಾನನ್ನು ಹೊತ್ತುಕೊಂಡು ಹೋಗುತ್ತದೆ, ಬೆಸುಗೆ ಕಪ್ಪಗೆ ಗುಳ್ಳೆ ಗುಳ್ಳೆಯಾಗಿ ಉಕ್ಕುತ್ತದೆ. ಎರಡು ಜಮಖಾನ ಕಟ್ಟಿ ಮರೆ ಮಾಡಿದೆ. ಅದರಲ್ಲೊಂದು ನಮ್ಮ ಮದುವೆಯದು ಎಂದು ಆಮೇಲೆ ತಿಳಿಯಿತು, ಅಂಚಿನಲ್ಲಿ ಕಿಡಿ ಬಿದ್ದ ತೂತುಗಳ ಮೂಲಕ ತಿಳಿಯಿತು.

*

ವಾರ ಕಳೆದ ಮೇಲೆ ಒಂದು ಬೆಸುಗೆ ಕಣ್ಣಿಗೆ ಬಂತು. 202ರ ಎರಡು ತುಂಡು ಕೂಡಿಸಿದ್ದೆ. ಹೊರಗೆ ಒಂದರ ಮೇಲೊಂದು ನಾಣ್ಯ ಮಲಗಿಸಿದ ಹಾಗೆ ಸಾಲು, ಬಣ್ಣ ಹುಲ್ಲಿನ ಹೊಂಬಣ್ಣ, ಅಂಚಿನಲ್ಲಿ ಎಳೆ ನೀಲಿ. ಆ ಬಣ್ಣ ಲೋಹದ್ದಲ್ಲ, ಮೇಲೆ ಕೂತ ಆಕ್ಸೈಡ್ ಪೊರೆಯ ದಪ್ಪದ್ದು. ಮಳೆ ನೀರಿನ ಮೇಲೆ ಪೆಟ್ರೋಲ್ ಹನಿ ಬಿದ್ದಾಗ ಕಾಣುವ ಕಾಮನಬಿಲ್ಲಿನದೇ ಲೆಕ್ಕ. ಪೊರೆ ತೆಳುವಿದ್ದರೆ ಹೊನ್ನು, ದಪ್ಪವಾದಂತೆ ನೇರಳೆ, ನೀಲಿ, ಆಮೇಲೆ ಬೂದಿ. ಬೂದಿ ಬಂದರೆ ಕ್ರೋಮಿಯಂ ಸುಟ್ಟುಹೋಗಿದೆ ಎಂದರ್ಥ. ನನ್ನದು ಹೊನ್ನು! ತುಂಡನ್ನು ಅಡುಗೆಮನೆಗೆ ಒಯ್ದು ಅಮ್ಮನಿಗೆ ತೋರಿಸಿದೆ. ಮಕ್ಕಳು ಚಿತ್ರ ಬರೆದು ತೋರಿಸುವುದಿಲ್ಲವೇ, ಹಾಗೆ.

ಅಮ್ಮ ಹೊರಗೆ ನೋಡಲಿಲ್ಲ. ಪೈಪನ್ನು ದುರ್ಬೀನಿನಂತೆ ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಕಣ್ಣಿಟ್ಟರು. ‘ಇದೇನೋ, ಶೇಂಗಾ ಉಂಡಿ ಪಾಕ ಸೀದು ತಳ ಹಿಡಿದಂಗೈತಿ?’

ನೋಡಿದೆ. ಹೊರಗೆ ಹೊನ್ನಿನ ಸಾಲಿದ್ದ ಜಾಗದಲ್ಲೇ ಒಳಗೆ ಕಪ್ಪು ಹರಳು. ಒರಟು ಒರಟು, ಉಗುರಿನಿಂದ ಕೆರೆದರೆ ಉದುರುವಂಥದು. ಬಾಣಲೆಯ ತಳದಲ್ಲಿ ಬೆಲ್ಲ ಹತ್ತಿದಾಗ ಆಗುವ ಅದೇ ಗಂಟು. ಹೊರಗಿನ ಮೈಯನ್ನು ಆರ್ಗಾನ್ ಕಾದಿತ್ತು, ಒಳಗಿನ ಮೈಗೆ ಯಾರೂ ಇರಲಿಲ್ಲ. ಕರಗಿದ ಲೋಹ ಪೈಪಿನೊಳಗಿದ್ದ ಗಾಳಿಯ ಆಮ್ಲಜನಕ ಕುಡಿದು ಸೀದುಹೋಗಿತ್ತು. ಹೊಗೆ ಹರಿಯುವುದು, ನೀರು ನಿಲ್ಲುವುದು ಅಲ್ಲೇ. ಹೊರಗೆ ಎಷ್ಟು ಚೆಂದವಿದ್ದರೂ ಅದು ಒಡೆಯುವುದು ಆ ಹರಳಿನ ಬಿರುಕಿನಿಂದ.

ವೆಲ್ಡರುಗಳು ಇದನ್ನು ಷುಗರ್ ಎನ್ನುತ್ತಾರಂತೆ, ಆಮೇಲೆ ಓದಿದೆ. ಅಮ್ಮನಿಗೆ ಓದದೇ ಗೊತ್ತಾಯಿತು.

ದೊಡ್ಡಪ್ಪನಿಗೂ ತೋರಿಸಿದೆ. ಬಹಳ ಹೊತ್ತು ನೋಡಿದ. ‘ನಮ್ಮ ಕಾಲದಾಗ ಒಳಗ ಯಾರೂ ನೋಡ್ತಿದ್ದಿಲ್ಲ. ಹೊರಗ ಸುತ್ತಿಗಿ ಬಡಿದು ಪಾಸ್ ಮಾಡ್ತಿದ್ರು’ ಎಂದ. ಆಮೇಲೆ ಮಾತಾಡಲಿಲ್ಲ. ಮೂವತ್ತೈದು ವರ್ಷದ ಪೈಪುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿಯುತ್ತಿದ್ದನೇನೋ.

ಇದಕ್ಕೆ ಮದ್ದು ಒಳಗೂ ಆರ್ಗಾನ್ ತುಂಬುವುದು. ಕೇಳಲು ಸುಲಭ. ಪೈಪಿನ ಎರಡೂ ಬಾಯಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಟೇಪು ಹಾಕಬೇಕು. ಒಂದು ಕಡೆಯಿಂದ ಸಣ್ಣ ನಳಿಕೆಯಲ್ಲಿ ಅನಿಲ ಬಿಡಬೇಕು, ಇನ್ನೊಂದು ಕಡೆ ಸೂಜಿಯಲ್ಲಿ ಚುಚ್ಚಿದಷ್ಟು ತೂತು. ಆರ್ಗಾನ್ ಗಾಳಿಗಿಂತ ಸುಮಾರು 1.4 ಪಟ್ಟು ಭಾರ, ಹಾಗಾಗಿ ಕೆಳಗಿನಿಂದ ಬಿಟ್ಟು ಮೇಲಿನಿಂದ ಗಾಳಿ ಹೊರಗೆ ಹೋಗಲು ದಾರಿ ಕೊಡಬೇಕು, ಕೊಡದಲ್ಲಿ ನೀರು ತುಂಬಿದ ಹಾಗೆ ಅದು ತಳದಿಂದ ಏರುತ್ತದೆ. ಒಂದೂವರೆ ಇಂಚಿನ ಪೈಪು ಒಂದು ಮೀಟರಿಗೆ ಒಂದು ಲೀಟರ್ ಹಿಡಿಯುತ್ತದೆ, ಬೇಗ ತುಂಬುತ್ತದೆ. ಮಫ್ಲರ್ ಡಬ್ಬಿ ಹಾಗಲ್ಲ. ಅದರೊಳಗೆ ಜರಡಿ, ಉಣ್ಣೆ, ಗೂಡುಗಳು, ಗಾಳಿ ಅಡಗಿ ಕೂರುತ್ತದೆ. ಕಾಲು ಗಂಟೆ ಬಿಟ್ಟರೂ ಒಳಗೆ ಇನ್ನೂ ಇದೆಯೇ ಎಂಬ ಅನುಮಾನ.

ತೂತು ಚಿಕ್ಕದಾದರೆ ಬೇರೆ ಪೇಚು. ಸುತ್ತು ಮುಗಿಸಿ ಕೊನೆಯ ಎರಡು ಮಿಲಿಮೀಟರ್ ಮುಚ್ಚುವಾಗ ಒಳಗಿನ ಅನಿಲಕ್ಕೆ ದಾರಿ ಇರುವುದಿಲ್ಲ, ಕರಗಿದ ಲೋಹವನ್ನು ನಿಮ್ಮ ಮುಖದ ಕಡೆಗೇ ಊದುತ್ತದೆ. ಪುಟ್ಟ ಜ್ವಾಲಾಮುಖಿ. ಮೂರು ಸಲ ಹೀಗಾದ ಮೇಲೆ ಕೊನೆಗೆ ಬರುವಾಗ ಒಳಗಿನ ಅನಿಲವನ್ನು ತಗ್ಗಿಸಲು ಕಲಿತೆ. ಅನ್ನ ಬಸಿಯುವವರು ತಟ್ಟೆ ಸರಿಸುವುದು ಹೀಗೇ ಕಲಿಯುತ್ತಾರೇನೋ.

*

ಸುರಕ್ಷತೆಯ ಮಾತನ್ನು ಬೇಗ ಹೇಳಿಬಿಡುತ್ತೇನೆ, ಆದರೆ ಹೇಳದೆ ಬಿಡುವುದಿಲ್ಲ. ಪೈಪಿನ ಎಣ್ಣೆ ಜಿಡ್ಡು ತೆಗೆಯಲು ಬ್ರೇಕ್ ಕ್ಲೀನರ್ ಬಳಸಬೇಡಿ. ಕೆಲವದರಲ್ಲಿ ಕ್ಲೋರಿನ್ ಇರುವ ದ್ರಾವಕ ಇರುತ್ತದೆ, ಆರ್ಕಿನ, ಅಂದರೆ ವೆಲ್ಡಿಂಗಿನ ವಿದ್ಯುತ್ ಜ್ವಾಲೆಯ, ಶಾಖಕ್ಕೂ ಬೆಳಕಿಗೂ ಅದು ಫಾಸ್ಜೀನ್ ಆಗಬಲ್ಲದು, ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ವಿಷಾನಿಲ. ನಾನು ಅಸಿಟೋನ್ ಬಳಸಿದೆ, ಪೂರಾ ಆರಿದ ಮೇಲೆ ಮಾತ್ರ ಆರ್ಕ್. ಸ್ಟೇನ್‌ಲೆಸ್ಸಿನ ಹೊಗೆಯಲ್ಲಿ ಬರುವ ಕ್ರೋಮಿಯಂನ ಒಂದು ರೂಪ ಕ್ಯಾನ್ಸರಿಗೆ ದಾರಿ, ಅದಕ್ಕೇ ಮಾಸ್ಕು ಮತ್ತು ತೆರೆದ ಬಾಗಿಲು. ಗಾಳಿ ಬೇಡ, ಗಾಳಿ ಬೇಕು ಎಂಬ ಈ ಇಕ್ಕಟ್ಟಿಗೆ ಜಮಖಾನವೇ ರಾಜಿ. ಗಾಡಿಯ ಮೇಲೆ, ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ ವೆಲ್ಡಿಂಗ್ ಮಾಡಲೇಬಾರದು. ನಾನು ಕೆಳಗೆ ಅಳತೆ ನೋಡಿ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಎಲ್ಲ ಬಿಚ್ಚಿ, ಶೆಡ್ಡಿನ ಕಲ್ಲಿನ ಮೇಲೆ ಕೂಡಿಸಿದೆ.

ಕಣ್ಣಿನದು ದೊಡ್ಡಪ್ಪನ ಅನುಭವ. ಟಾಕಾ, ಅಂದರೆ ತುಂಡುಗಳು ಜರುಗದಂತೆ ಅಲ್ಲಲ್ಲಿ ಇಡುವ ಚುಕ್ಕಿ ಬೆಸುಗೆ, ಹೊಡೆಯುವಾಗ ‘ಒಂದೇ ಸಲ ಅಲ್ಲವೇ’ ಎಂದು ಗಾಜಿಲ್ಲದೆ ನೋಡುವುದು, ಮಧ್ಯರಾತ್ರಿ ಎದ್ದು ಕಣ್ಣಿಗೆ ಮರಳು ಹೊಯ್ದಂತೆ ಒದ್ದಾಡುವುದು. ದೊಡ್ಡಮ್ಮ ಆಲೂಗಡ್ಡೆ ಬಿಲ್ಲೆ ಕಟ್ಟುತ್ತಿದ್ದಳಂತೆ. ಅದಕ್ಕೆ ಡಾಕ್ಟರೇ ಸರಿ. ಅವನ ಎಡಗಣ್ಣು ಈಗಲೂ ಬಿಸಿಲಿಗೆ ನೀರಾಡುತ್ತದೆ.

*

ನಿಜವಾದ ಕೆಲಸಕ್ಕೆ ಕೂತಿದ್ದು ಒಂದು ಶನಿವಾರ ರಾತ್ರಿ ಹತ್ತರ ಮೇಲೆ. ಆ ಹೊತ್ತಿಗೆ ವೋಲ್ಟೇಜು ಕುಣಿಯುವುದಿಲ್ಲ, ಗಾಳಿಯೂ ತಗ್ಗಿರುತ್ತದೆ. ಪಕ್ಕದ ಮನೆಯವರಿಗೆ ಮೊದಲೇ ಹೇಳಿ, ಒಂದು ಪೊಟ್ಟಣ ಖಾರ ಮಂಡಕ್ಕಿ ಕೊಟ್ಟು ಬಂದಿದ್ದೆ. ದೊಡ್ಡಪ್ಪ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ತನ್ನ ಹಳೇ ಕೈಗನ್ನಡಿ ಮಾದರಿಯ ವೆಲ್ಡಿಂಗ್ ಗಾಜು ಹಿಡಿದು ಕೂತ.

ಟಾಕಾ ಹೊಡೆಯುವ ತನಕ ನಾನು ಧೈರ್ಯದಲ್ಲಿದ್ದೆ. ಪೈಪಿನ ಸುತ್ತಳತೆ ಹನ್ನೆರಡು ಸೆಂಟಿಮೀಟರ್, ನಾಲ್ಕು ಟಾಕಾ ಸಾಕೆಂದುಕೊಂಡೆ. ಒಂದು ಕಡೆಯಿಂದ ಎಳೆದುಕೊಂಡು ಹೋದೆ. ಕಾಲು ಸುತ್ತಿಗೇ ದೊಡ್ಡಪ್ಪ ‘ನಿಲ್ಸು’ ಎಂದ. ಪೈಪಿನ ಬಾಲ ನನ್ನ ಕಣ್ಣ ಮುಂದೆಯೇ ಮೇಲೆದ್ದಿತ್ತು. ಕೂಡಿದ ಜಾಗದಲ್ಲಿ ಒಂದೇ ಡಿಗ್ರಿ ಸೊಟ್ಟಾದರೆ ಮೀಟರು ದೂರದ ತುದಿಯಲ್ಲಿ ಹದಿನೇಳು ಮಿಲಿಮೀಟರ್. ಆ ತುದಿ ಬಂಪರಿಗೆ ತಾಗುತ್ತದೆ.

ನನಗೆ ಕಾರಣ ಗೊತ್ತಿತ್ತು, ಅದೇ ತಮಾಷೆ. ಕಬ್ಬಿಣ ಒಂದು ಡಿಗ್ರಿಗೆ ಮೀಟರಿಗೆ 12 ಮೈಕ್ರಾನ್ ಹಿಗ್ಗಿದರೆ 304 ಹದಿನೇಳರಷ್ಟು ಹಿಗ್ಗುತ್ತದೆ, ಶಾಖವನ್ನೋ ಕಬ್ಬಿಣದ ಮೂರನೇ ಒಂದರಷ್ಟು ಮಾತ್ರ ಹರಿಯಬಿಡುತ್ತದೆ. ಕಾವು ಬಿದ್ದಲ್ಲೇ ನಿಲ್ಲುತ್ತದೆ, ಅಲ್ಲೇ ಹಿಗ್ಗುತ್ತದೆ, ತಣಿದಾಗ ಅಲ್ಲೇ ಜಗ್ಗುತ್ತದೆ. ಎರಡೂ ಅಂಕಿಯನ್ನು ಕೋಷ್ಟಕದಲ್ಲಿ ಅಕ್ಕಪಕ್ಕ ಬರೆಸಿದ್ದೇನೆ, ಪರೀಕ್ಷೆಗೂ ಕೊಟ್ಟಿದ್ದೇನೆ. ಅದು ಕೈಯಲ್ಲಿ ಹೀಗೆ ಎಳೆಯುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ. ದೊಡ್ಡಪ್ಪನಿಗೆ ಅಂಕಿ ಗೊತ್ತಿಲ್ಲ. ಅವನು ಹೇಳಿದ್ದು ಇಷ್ಟು: ‘ಎತ್ತಿನ ಗಾಡಿ ಗಾಲಿಗೆ ಪಟ್ಟಾ ಕೂಡ್ಸೋದು ನೋಡಿಲ್ಲೇನು? ಒಂದ್ ಕಡಿ ಬಡಿದ್ರ ಎದುರ್ ಕಡಿ ಬಡೀಬೇಕು.’

ಕತ್ತರಿಸಿ ಮತ್ತೆ ಹೊಂದಿಸಿದೆ. ಎಂಟು ಟಾಕಾ. ಮೇಲೆ ಎರಡು ಸೆಂಟಿಮೀಟರ್ ಬೆಸುಗೆ, ಕೆಳಗೆ ಎರಡು, ಎಡಕ್ಕೆ, ಬಲಕ್ಕೆ, ನಡುವೆ ಕೈಯಿಟ್ಟರೆ ತಡೆಯುವಷ್ಟು ತಣಿಯುವ ತನಕ ಕಾಯುವುದು. ನಲವತ್ತೈದು ಆಂಪಿಯರ್. ಹೊಸ ಪೈಪಿಗೆ ಹೊಸ ಪೈಪು ಕೂಡಿಸುವಲ್ಲಿ 308ಎಲ್ ತಂತಿ. ಕಾರಿನ ಹಳೇ ಪೈಪಿನ ತುಂಡಿಗೆ, ಅಂದರೆ 409ಕ್ಕೆ 304 ಕೂಡುವ ಜಾಗದಲ್ಲಿ, 309ಎಲ್. ಅದರಲ್ಲಿ ಕ್ರೋಮಿಯಂ, ನಿಕ್ಕಲ್ ಹೆಚ್ಚು, ಬೇರೆ ಬೇರೆ ಜಾತಿಯ ಎರಡು ಉಕ್ಕಿನ ನಡುವೆ ನಿಲ್ಲುವ ತಾಕತ್ತು ಅದಕ್ಕಿದೆ. ಆ ಎಲ್ ಎಂದರೆ ಇಂಗಾಲ ಕಡಿಮೆ ಎಂಬ ಗುರುತು. ಇಂಗಾಲ ಹೆಚ್ಚಿದ್ದರೆ ಅದು ಕಾವಿನಲ್ಲಿ ಕ್ರೋಮಿಯಂ ಜತೆ ಕೂಡಿಕೊಂಡು, ತುಕ್ಕು ತಡೆಯಬೇಕಾದ ಕ್ರೋಮಿಯಂ ಕೆಲಸಕ್ಕೆ ಸಿಗದಂತೆ ಮಾಡುತ್ತದೆ.

ಆರು ಕೂಡಿಕೆಗೆ ಬೆಳಗಿನ ಎರಡೂವರೆ ಆಯಿತು. ಬೆಸುಗೆಯ ಸದ್ದು ಟಿಗ್‌ನಲ್ಲಿ ಬಹಳ ಕಡಿಮೆ, ದೋಸೆ ಹಂಚಿನ ಮೇಲೆ ನೀರು ಚಿಮುಕಿಸಿದ ಮೇಲೆ ಉಳಿಯುವ ಕೊನೆಯ ಸುಯ್ ಇದೆಯಲ್ಲ, ಅಷ್ಟು. ಕಪ್ಪು ಗಾಜಿನೊಳಗೆ ಲೋಕವೆಲ್ಲ ಆರಿ, ಅಕ್ಕಿಕಾಳಿನಗಲದ ಹೊಳೆಯುವ ಕೊಳವೊಂದೇ ಉಳಿದಿರುತ್ತದೆ. ಅದರ ಅಂಚು ನಡುಗುತ್ತದೆ, ತಂತಿ ತಾಗಿಸಿದರೆ ನುಂಗಿ ಮುಂದೆ ಜರುಗುತ್ತದೆ. ಮಾತು ಬೇಡವಾಗುತ್ತದೆ. ನಾಲ್ಕನೇ ಕೂಡಿಕೆಯ ಹೊತ್ತಿಗೆ ತಿರುಗಿ ನೋಡಿದರೆ ದೊಡ್ಡಪ್ಪ ಗಾಜು ಎದೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದ. ಎಬ್ಬಿಸಲಿಲ್ಲ.

ಬೆಳಿಗ್ಗೆ ಎದ್ದವನೇ ಅವನು ಹಾಳೆ ಕಿತ್ತು, ಬ್ಯಾಟರಿ ಹಾಕಿ ಒಳಗೆ ಒಂದೊಂದನ್ನೂ ನೋಡಿದ. ಐದು ಕೂಡಿಕೆ ಒಳಗೂ ಬೆಳ್ಳಗೆ, ಅಂಚಿನಲ್ಲಿ ತುಸು ಹೊನ್ನು. ಡಬ್ಬಿಯ ಮೂತಿಯಲ್ಲಿ ಬೊಟ್ಟಿನಷ್ಟು ಜಾಗ ಸೀದಿತ್ತು. ಅಡಗಿ ಕೂತ ಗಾಳಿ ಅಲ್ಲೇ ಇದ್ದದ್ದು. ಅವನು ಅದನ್ನೇ ಬೆರಳಲ್ಲಿ ಮುಟ್ಟಿ ತೋರಿಸಿದ, ಉಳಿದ ಐದರ ಸುದ್ದಿಯೇ ಎತ್ತಲಿಲ್ಲ. ಅಲ್ಲಿ ಕೈ ಹೋಗುತ್ತಿರಲಿಲ್ಲ, ಬಿಟ್ಟೆ. ಇವತ್ತಿಗೂ ಅದು ಅಲ್ಲಿದೆ.

ಕಾರಿಗೆ ಹಾಕಿ, ರಬ್ಬರ್ ಕೊಕ್ಕೆಗೆ ನೇತುಬಿಟ್ಟೆವು. ಗಟ್ಟಿಯಾಗಿ ಬೋಲ್ಟ್ ಬಿಗಿಯಬಾರದೇ ಎಂದು ದೊಡ್ಡಪ್ಪ ಕೇಳಿದ. ನಾಲ್ಕು ನೂರು ಡಿಗ್ರಿ ಕಾದರೆ ಈ ಪೈಪು ಮೀಟರಿಗೆ ಸುಮಾರು ಏಳು ಮಿಲಿಮೀಟರ್ ಉದ್ದವಾಗುತ್ತದೆ, ಆಡಲು ಜಾಗ ಬೇಕು. ಎಂಜಿನ್ ಶುರು ಮಾಡಿ ಅವನು ಹಿಂದಿನ ಬಾಯಿಗೆ ಒದ್ದೆ ಬಟ್ಟೆ ಒತ್ತಿ ಹಿಡಿದ, ನಾನು ಪೈಪು ಕಾಯುವ ಮೊದಲೇ ಕೂಡಿಕೆಗಳ ಮೇಲೆ ಸೋಪಿನ ನೀರು ಸುರಿದೆ. 309ಎಲ್ ಹಾಕಿದ್ದಲ್ಲಿ ಒಂದೇ ಒಂದು ಗುಳ್ಳೆ, ಸಾಸಿವೆಯಷ್ಟು, ಉಬ್ಬಿ ಒಡೆಯಿತು, ಮತ್ತೆ ಉಬ್ಬಿತು. ಸೀಟಿನ ಕೆಳಗೆ ಸೋರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ವಾಸನೆಯಿಲ್ಲದ್ದು, ಸಣ್ಣದೆಂದು ಬಿಡುವ ಹಾಗಿಲ್ಲ. ಬಿಚ್ಚಿದೆ, ಹಾಳೆ ಸುತ್ತಿದೆ, ಅನಿಲ ತುಂಬಿದೆ, ಮುಚ್ಚಿದೆ, ಮತ್ತೆ ಹಾಕಿದೆ. ಮಧ್ಯಾಹ್ನ ಒಂದು.

ಸದ್ದು? ಗಾಡಿ ಶುರುವಾಗಿದೆಯೋ ಇಲ್ಲವೋ ಎಂದು ಹೆಂಡತಿ ಅಡುಗೆಮನೆಯಿಂದ ಬಂದು ನೋಡಿ ಹೋದಳು.

‘ನಡಿ, ದ್ವಾಸಿ ತಿಂದು ಬರಾಣು’ ಎಂದ ದೊಡ್ಡಪ್ಪ. ಮನೆಯಿಂದ ಎರಡು ಕಿಲೋಮೀಟರ್ ಇರಬಹುದು. ನಿಧಾನಕ್ಕೆ ಓಡಿಸಿದೆ. ಹೋಟೆಲಿನ ಎದುರು ನಿಲ್ಲಿಸಿ, ಎಂಜಿನ್ ಆಫ್ ಮಾಡದೆ ಇಳಿದು ಹಿಂದಕ್ಕೆ ಹೋದೆ. ಅವನೂ ಬಂದ. ಹೊಸ ಪೈಪಿನ ತುಟಿಯಲ್ಲಿ ಒಂದು ಹನಿ ನಿಂತಿತ್ತು. ಜೋತು, ಉದ್ದವಾಗಿ, ರಸ್ತೆಯ ಮೇಲೆ ಬಿತ್ತು. ಅದರ ಹಿಂದೆಯೇ ಇನ್ನೊಂದು.

ದೊಡ್ಡಪ್ಪ ಸೊಂಟ ಹಿಡಿದುಕೊಂಡು ಬಗ್ಗಿದ, ಮೂರನೆಯದನ್ನು ಬೆರಳ ತುದಿಗೆ ಹಿಡಿದ. ಮೂಸಿದ. ಹೆಬ್ಬೆರಳಿಗೆ ಉಜ್ಜಿ ಜಿಡ್ಡಿದೆಯೇ ನೋಡಿದ.

‘ನೀರು’ ಎಂದ.

‘ಹೂಂ.’

ಪಂಚೆಗೆ ಬೆರಳು ಒರೆಸಿಕೊಂಡು ಒಳಗೆ ಹೋಗಿ ಎರಡು ಬೆಣ್ಣೆದೋಸೆಗೆ ಹೇಳಿದ.